ಪ್ರತಿಭೆ, ಪತನ, ಪುನರುತ್ಥಾನ: ಮಾರಿಸ್ ಕ್ಲಾರೆಟ್‌ನ ಬಾಳು ಕಲಿಸುವ ಪಾಠ

ಕಾವ್ಯಕ್ಕೆ ಕಾರಣಗಳಾವುವು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿದರು. ಪ್ರತಿಭೆಯು ಹುಟ್ಟಿನೊಡನೆ ಬಂದ ಹೊಳಹು. ವ್ಯುತ್ಪತ್ತಿಯು ಶಾಸ್ತ್ರದ ಹಾಗೂ ಲೋಕವ್ಯವಹಾರದ ತಿಳಿವು. ಅಭ್ಯಾಸವು ಬಲ್ಲವರ ಬಳಿಯಿದ್ದು ನಡೆಸುವ ಎಡೆಬಿಡದ ಸಾಧನೆ. ಪ್ರತಿಭೆಯೊಂದೇ ಸಾಕೆಂದು ವಾದಿಸಿದವರೂ ಉಂಟು. ಮೂರೂ ಕೂಡಿದ ಹೊರತು ಕಾರ್ಯಸಿದ್ಧಿಯಿಲ್ಲವೆಂದು ಮಮ್ಮಟನು ನಿರ್ಣಯಿಸಿದನು. ಈ ವಿವೇಚನೆಯು ಕಾವ್ಯಕ್ಕೆ ಮಾತ್ರ ಸಲ್ಲತಕ್ಕುದಲ್ಲ. ಸಂಗೀತ, ಶಿಲ್ಪ, ವ್ಯಾಪಾರ, ಕ್ರೀಡೆ ಮೊದಲಾದ ಯಾವ ಮಾನವಕಾರ್ಯಕ್ಕಾದರೂ ಇದು ಒಪ್ಪುವುದು.

ಶಾಲೆಯೊಂದರಲ್ಲಿ ಚುರುಕಾದ ಹುಡುಗನೊಬ್ಬನು ಕಾಣಿಸಿಕೊಂಡನೆಂದರೆ ಅವನ ಕೊರಳಿಗೆ ಬೀಳುವ ಹಾರಗಳೆಷ್ಟು, ಅವನ ಹೆಸರಿನ ಮೇಲೆ ಸಂಸ್ಥೆಯು ಗಳಿಸುವ ಕೀರ್ತಿಯೆಷ್ಟು! ಆದರೆ ಹಾರವು ಬಾಡಿದ ಮರುದಿನ ಅವನು ಏನನ್ನು ಓದುತ್ತಾನೆ, ಯಾರೊಡನೆ ಕೂಡುತ್ತಾನೆ, ಯಾವ ದುಃಖವನ್ನು ಒಳಗೇ ನುಂಗಿಕೊಂಡಿದ್ದಾನೆ ಎಂದು ವಿಚಾರಿಸುವವರು ವಿರಳ. ಪ್ರತಿಭೆಯನ್ನು ಹೊಗಳಿ ವ್ಯುತ್ಪತ್ತಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಮಾರಿಸ್ ಕ್ಲಾರೆಟ್ ಎಂಬ ಆಟಗಾರನ ಬಾಳು ಸ್ಪಷ್ಟವಾದ ನಿದರ್ಶನ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ಆ ದೇಶದ ಕ್ರೀಡಾಭಿಮಾನಿಗಳೆಲ್ಲ ಕೊಂಡಾಡಿದ ವೀರ. ಇಪ್ಪತ್ತೆರಡರಲ್ಲಿ ಸಂಕೋಲೆ ತೊಟ್ಟ ಸೆರೆಯಾಳು. ಮೂವತ್ತು ದಾಟುವ ವೇಳೆಗೆ ಹುಟ್ಟೂರಿನ ನೊಂದವರಿಗಾಗಿ ದುಡಿಯತೊಡಗಿದ ಮನುಷ್ಯ. ಈ ಮೂರು ಅವಸ್ಥೆಗಳನ್ನು ಅಧ್ಯಾಪಕರೂ ವಿದ್ಯಾಭಿಮಾನಿಗಳೂ ಕ್ರಮವಾಗಿ ಪರಿಶೀಲಿಸುವುದು ಪ್ರಯೋಜನಕರ.

ಆಟದ ಸ್ವರೂಪ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟವು ಕನ್ನಡಿಗರು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಅಂಡಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಪಕ್ಷಕ್ಕೆ 11 ಮಂದಿಯಂತೆ ಎರಡು ಪಕ್ಷಗಳು 100 ಗಜಗಳ ಕಣದಲ್ಲಿ ಸೆಣಸುತ್ತವೆ. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗಾಗಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಚೆಂಡಿನೊಡನೆ ಎದುರು ಪಕ್ಷದ ಗಡಿರೇಖೆಯನ್ನು ದಾಟಿದರೆ ಆರು ಅಂಕಗಳು; ಇದಕ್ಕೆ ಟಚ್‌ಡೌನ್ ಎಂದು ಹೆಸರು.

ಚೆಂಡನ್ನು ಎದೆಗೆ ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ಭೇದಿಸಿ ನುಗ್ಗುವ ಆಟಗಾರನನ್ನು ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಪ್ರತಿಯೊಂದು ಓಟದ ಕೊನೆಗೂ ಮೂರು ನಾಲ್ಕು ಜನ ದಾಂಡಿಗರು ಆತನನ್ನು ನೆಲಕ್ಕೆ ಕೆಡಹುತ್ತಾರೆ. ಆತನು ಎದ್ದು ಮತ್ತೆ ಓಡಬೇಕು. ಈ ಸ್ಥಾನಕ್ಕೆ ದೇಹಬಲ, ವೇಗ, ಕ್ಷಣಾರ್ಧದಲ್ಲಿ ಸಂದನ್ನು ಕಾಣುವ ಕಣ್ಣು ಬೇಕು. ಇವು ಮೂರೂ ಕ್ಲಾರೆಟ್‌ನಲ್ಲಿ ಹೇರಳವಾಗಿದ್ದವು.

ಮತ್ತೊಂದು ಸಂಗತಿಯನ್ನೂ ಅರಿತಿರಬೇಕು. ಆ ದೇಶದಲ್ಲಿ ವಿಶ್ವವಿದ್ಯಾನಿಲಯಗಳ ನಡುವಣ ಫುಟ್‌ಬಾಲ್ ಬಿಡುವಿನ ವೇಳೆಯ ವಿನೋದವಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರು ಕುಳಿತುಕೊಳ್ಳುತ್ತಾರೆ. ದೂರದರ್ಶನ ಪ್ರಸಾರದಿಂದಲೂ ಪ್ರವೇಶಧನದಿಂದಲೂ ಅಪಾರವಾದ ಹಣ ಹರಿದು ಬರುತ್ತದೆ. ಕ್ಲಾರೆಟ್ ಆಡಿದ ಕಾಲದಲ್ಲಿ ಆ ಹಣದಿಂದ ತರಬೇತುದಾರರಿಗೆ ದೊಡ್ಡ ಸಂಬಳ ಸಿಗುತ್ತಿತ್ತು. ಆಡುವ ವಿದ್ಯಾರ್ಥಿಗೆ ಮಾತ್ರ ಶುಲ್ಕ, ಊಟ, ವಸತಿಗಳ ವಿದ್ಯಾರ್ಥಿವೇತನದ ಹೊರತು ಬೇರೇನನ್ನೂ ಪಡೆಯಲು ನಿಯಮವು ಅವಕಾಶ ಕೊಡುತ್ತಿರಲಿಲ್ಲ.

ಹುಟ್ಟೂರು

ಮಾರಿಸ್ ಕ್ಲಾರೆಟ್ ಹುಟ್ಟಿದ್ದು 1983ನೆಯ ಇಸವಿ ಅಕ್ಟೋಬರ್ 29ರಂದು, ಓಹಿಯೋ ರಾಜ್ಯದ ಯಂಗ್ಸ್‌ಟೌನ್ ಎಂಬ ಊರಿನಲ್ಲಿ. ಮಹೋನಿಂಗ್ ನದಿಯ ದಂಡೆಯ ಈ ಊರು ಉಕ್ಕಿನ ಕುಲುಮೆಗಳಿಂದ ಬೆಳೆದದ್ದು. 1930ರ ಸುಮಾರಿಗೆ ಅಲ್ಲಿ 1,70,000 ಜನರಿದ್ದರು. 1977ರ ಸೆಪ್ಟೆಂಬರ್ 19ನೆಯ ತಾರೀಖು ಸೋಮವಾರ, ಅಲ್ಲಿಯ ದೊಡ್ಡ ಉಕ್ಕಿನ ಕಂಪನಿಯು ತನ್ನ ಪ್ರಮುಖ ಕಾರ್ಖಾನೆಯೊಂದನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 5,000 ಕಾರ್ಮಿಕರ ಕೆಲಸ ಹೋಯಿತು. ಆ ದಿನವನ್ನು ಊರಿನವರು ಕರಾಳ ಸೋಮವಾರವೆಂದೇ ನೆನೆಯುತ್ತಾರೆ. ಮುಂದಿನ ವರ್ಷಗಳಲ್ಲಿ ಉಳಿದ ಕುಲುಮೆಗಳೂ ಒಂದೊಂದಾಗಿ ಆರಿದವು. 2000ದ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ 82,000ಕ್ಕೆ ಇಳಿದಿತ್ತು.

ದುಡಿಮೆ ಹೋದ ಊರಿನಲ್ಲಿ ಏನೇನು ನೆಲೆಸುವುದೋ ಅವೆಲ್ಲವೂ ಅಲ್ಲಿ ನೆಲೆಸಿದವು: ಪಾಳುಬಿದ್ದ ಮನೆಗಳು, ಮಾದಕದ್ರವ್ಯಗಳ ಮಾರಾಟ, ಬೀದಿಕಾಳಗ, ಅಕಾಲಮರಣ. ಕಾಯಕವು ಮನುಷ್ಯನಿಗೆ ಅನ್ನವನ್ನಷ್ಟೇ ಕೊಡುವುದಿಲ್ಲ. ದಿನಕ್ಕೊಂದು ಕ್ರಮವನ್ನೂ ಬಾಳಿಗೊಂದು ಮಾನವನ್ನೂ ಕೊಡುತ್ತದೆ. ಅದು ತಪ್ಪಿಹೋದ ಕೇರಿಗಳಲ್ಲಿ ಬೆಳೆದ ಹುಡುಗನ ಕಣ್ಣಿಗೆ ಪಾರಾಗುವ ಬಾಗಿಲಾಗಿ ತೋರಿದ್ದು ಆಟವೊಂದೇ. ತನ್ನ ಬಾಲ್ಯದ ಗೆಳೆಯರಲ್ಲಿ ಕೆಲವರು ಸತ್ತರೆಂದೂ ಕೆಲವರು ಸೆರೆಮನೆ ಸೇರಿದರೆಂದೂ ಆತನು ಮುಂದೆ ಹೇಳಿಕೊಂಡಿದ್ದಾನೆ.

ಏಳಿಗೆ

ನೆರೆಯ ವಾರನ್ ಪಟ್ಟಣದ ವಾರನ್ ಜಿ. ಹಾರ್ಡಿಂಗ್ ಪ್ರೌಢಶಾಲೆಯಲ್ಲಿ ಕ್ಲಾರೆಟ್‌ನ ಆಟ ಅರಳಿತು. 2001ರಲ್ಲಿ ಆತನು ಓಹಿಯೋ ರಾಜ್ಯದ ಶಾಲಾ ಆಟಗಾರರಲ್ಲಿ ಅಗ್ರಗಣ್ಯನೆಂಬ ಬಿರುದನ್ನು ಪಡೆದನು. ಅವಧಿಗೆ ಮುಂಚೆಯೇ ಶಾಲೆಯ ಶಿಕ್ಷಣವನ್ನು ಮುಗಿಸಿ 2002ರ ಜನವರಿಯಲ್ಲಿ ಕೊಲಂಬಸ್ ನಗರದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿಯ ತರಬೇತುದಾರರಾದ ಜಿಮ್ ಟ್ರೆಸೆಲ್ ಅವರು ಅದಕ್ಕೆ ಹಿಂದೆ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಹದಿನೈದು ವರ್ಷ ದುಡಿದು ನಾಲ್ಕು ಬಾರಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟವರು. ಹುಡುಗನ ಊರನ್ನು ಬಲ್ಲವರು.

2002ರ ಆಗಸ್ಟ್ 24ರಂದು ಟೆಕ್ಸಾಸ್ ಟೆಕ್ ವಿರುದ್ಧ ನಡೆದ ಮೊದಲ ಪಂದ್ಯದಲ್ಲಿಯೇ ಕ್ಲಾರೆಟ್ 175 ಗಜ ಓಡಿ ಮೂರು ಟಚ್‌ಡೌನ್‌ಗಳನ್ನು ಗಳಿಸಿದನು. ಭುಜದ ನೋವಿನಿಂದ ಕೆಲವು ಪಂದ್ಯಗಳು ತಪ್ಪಿದರೂ ಆ ಋತುವಿನಲ್ಲಿ ಆತನು ಓಡಿದ್ದು 1,237 ಗಜ. ಓಟದಿಂದಲೇ ಗಳಿಸಿದ ಟಚ್‌ಡೌನ್‌ಗಳು 16. ಆ ವಿಶ್ವವಿದ್ಯಾನಿಲಯದ ಮೊದಲ ವರ್ಷದ ಯಾವ ವಿದ್ಯಾರ್ಥಿಯೂ ಅದುವರೆಗೆ ಅಷ್ಟು ದೂರ ಓಡಿರಲಿಲ್ಲ.

2003ರ ಜನವರಿ 3ರಂದು ಅರಿಜೋನಾ ರಾಜ್ಯದ ಟೆಂಪಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. ಎದುರಾಳಿಯಾದ ಮಯಾಮಿ ವಿಶ್ವವಿದ್ಯಾನಿಲಯದ ತಂಡವು ಸತತವಾಗಿ 34 ಪಂದ್ಯಗಳನ್ನು ಗೆದ್ದು ಬಂದಿತ್ತು. ಪಂದ್ಯದ ಮೂರನೆಯ ಭಾಗದಲ್ಲಿ ಓಹಿಯೋ ತಂಡದವರು ಎಸೆದ ಚೆಂಡು ಮಯಾಮಿಯ ಶಾನ್ ಟೇಲರ್ ಎಂಬ ಸಮರ್ಥ ಆಟಗಾರನ ಕೈಸೇರಿತು. ಆತನು ಚೆಂಡಿನೊಡನೆ ಓಡತೊಡಗಿದಾಗ, ಮಿಕ್ಕವರು ಕೈಚೆಲ್ಲುವಷ್ಟರಲ್ಲಿ, ಕ್ಲಾರೆಟ್ ಹಿಂಬಾಲಿಸಿ ಹೋಗಿ ಆತನ ತೋಳಿನೊಳಗಣ ಚೆಂಡನ್ನೇ ಕಿತ್ತುಕೊಂಡನು. ಆ ಸಾಹಸದ ಫಲವಾಗಿ ತಂಡಕ್ಕೆ ಮೂರು ಅಂಕಗಳು ದೊರೆತವು. ನಿಗದಿತ ಕಾಲ ಮುಗಿದಾಗ ಉಭಯ ಪಕ್ಷಗಳ ಅಂಕಗಳು 17–17 ಆಗಿದ್ದವೆಂಬುದನ್ನು ನೆನೆದರೆ ಆ ಮೂರು ಅಂಕಗಳ ಬೆಲೆ ತಿಳಿಯುವುದು. ಕೊನೆಗೆ ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಐದು ಗಜಗಳ ಓಟದಿಂದ ಗೆಲುವಿನ ಟಚ್‌ಡೌನ್ ಗಳಿಸಿದವನೂ ಕ್ಲಾರೆಟ್‌ನೇ. 31–24 ಅಂಕಗಳಿಂದ ಓಹಿಯೋ ಸ್ಟೇಟ್ ಗೆದ್ದಿತು. 1968ರ ಅನಂತರ ಆ ಸಂಸ್ಥೆಗೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೇ ಕ್ಲಾರೆಟ್ ವಿಶ್ವವಿದ್ಯಾನಿಲಯಕ್ಕಾಗಿ ಆಡಿದ ಕೊನೆಯ ಪಂದ್ಯವೂ ಆಯಿತು.

ಪತನದ ಮೆಟ್ಟಿಲುಗಳು

ಬೀಳುವವನು ಒಮ್ಮೆಲೇ ಬೀಳುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ. ಪ್ರಶಸ್ತಿಯ ಪಂದ್ಯಕ್ಕೆ ಕೆಲವು ದಿನಗಳ ಮುಂಚೆ ಕ್ಲಾರೆಟ್‌ನ ಬಾಲ್ಯದ ಗೆಳೆಯನೊಬ್ಬನು ಊರಿನಲ್ಲಿ ಗುಂಡಿಗೆ ಬಲಿಯಾದನು. ಅಂತ್ಯಕ್ರಿಯೆಗೆ ಹೋಗಿಬರಲು ತನಗೆ ನೆರವಾಗಲಿಲ್ಲವೆಂದು ಆತನು ಬಹಿರಂಗವಾಗಿ ದೂರಿದನು. ಪ್ರಯಾಣದ ನೆರವಿಗೆ ಬೇಕಾದ ಕಾಗದಪತ್ರಗಳನ್ನು ಆತನು ಒಪ್ಪಿಸಿರಲಿಲ್ಲವೆಂದು ಅಧಿಕಾರಿಗಳು ಉತ್ತರವಿತ್ತರು. ಇದರಲ್ಲಿ ತಪ್ಪು ಯಾರದೇ ಇರಲಿ, ಹತ್ತೊಂಬತ್ತರ ಹುಡುಗನು ಗೆಳೆಯನ ಸಾವಿನ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಕಣಕ್ಕೆ ಇಳಿದನೆಂಬುದು ನಿಜ. ಗೆದ್ದ ಗದ್ದಲದಲ್ಲಿ ಆ ದುಃಖವು ಮರೆಯಾಯಿತು, ಮಾಯಲಿಲ್ಲ.

2003ರ ಏಪ್ರಿಲ್‌ನಲ್ಲಿ, ತಾನು ಎರವಲು ಪಡೆದಿದ್ದ ಕಾರಿನಿಂದ ಹತ್ತು ಸಾವಿರ ಡಾಲರಿಗೂ ಮಿಕ್ಕ ವಸ್ತುಗಳು ಕಳುವಾದುವೆಂದು ಆತನು ದೂರು ಕೊಟ್ಟನು. ಆ ಲೆಕ್ಕ ಉತ್ಪ್ರೇಕ್ಷೆಯೆಂದು ತಿಳಿದುಬಂದಿತು. ನಿಯಮಬಾಹಿರವಾಗಿ ಸೌಲಭ್ಯಗಳನ್ನು ಪಡೆದನೆಂದೂ ತನಿಖೆಯಲ್ಲಿ ಸತ್ಯವನ್ನು ಮರೆಮಾಚಿದನೆಂದೂ ವಿಶ್ವವಿದ್ಯಾನಿಲಯವು ಆ ಸೆಪ್ಟೆಂಬರ್‌ನಲ್ಲಿ ಇಡೀ ಋತುವಿಗೆ ಆತನನ್ನು ಹೊರಗಿಟ್ಟಿತು. ಹಿಂದಿನ ವರ್ಷ ಬೀದಿಬೀದಿಗಳಲ್ಲಿ ಮೊಳಗಿದ ಹೆಸರು ಈಗ ಅದೇ ಬೀದಿಗಳಲ್ಲಿ ನಿಂದೆಗೆ ಗುರಿಯಾಯಿತು.

ವಿದ್ಯಾರ್ಥಿತನದ ಆಟ ನಿಂತಾಗ ಆತನು ವೃತ್ತಿಪರ ಆಟದ ಬಾಗಿಲನ್ನು ತಟ್ಟಿದನು. ಆದರೆ ಪ್ರೌಢಶಾಲೆ ಬಿಟ್ಟು ಮೂರು ಋತುಗಳು ಕಳೆಯದವನನ್ನು ಸೇರಿಸಿಕೊಳ್ಳಬಾರದೆಂಬುದು ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ನಿಯಮ. ಕ್ಲಾರೆಟ್ ಇದರ ವಿರುದ್ಧ ದಾವೆ ಹೂಡಿದನು. 2004ರ ಫೆಬ್ರುವರಿಯಲ್ಲಿ ಜಿಲ್ಲಾ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಅವರು ಆತನ ಪರವಾಗಿ ತೀರ್ಪಿತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಆಟಗಾರರ ಸಂಘಕ್ಕೂ ಲೀಗಿಗೂ ಇರುವ ಕಾರ್ಮಿಕ ಸಂಬಂಧಕ್ಕೆ ಸೇರಿದ ವಿಷಯವಿದು, ಏಕಸ್ವಾಮ್ಯವಿರೋಧಿ ಕಾನೂನು ಇಲ್ಲಿ ಅನ್ವಯಿಸದು ಎಂಬುದು ಅದರ ಸಾರ. ಆ ತೀರ್ಪನ್ನು ಬರೆದವರು, ಮುಂದೆ 2009ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವನ್ನೇರಿದ ಸೋನಿಯಾ ಸೊಟೊಮಾಯೋರ್ ಅವರು.

ಹೀಗೆ ಎರಡು ಋತುಗಳು ಆಟವಿಲ್ಲದೆ ಕಳೆದವು. ಕೆಲಸವಿಲ್ಲದ ಕೈಗೆ ಮದ್ಯದ ಬಟ್ಟಲು ಬಂದಿತು. 2005ರ ಫೆಬ್ರುವರಿಯಲ್ಲಿ ವೃತ್ತಿಪರ ತಂಡಗಳ ಮುಂದೆ ನಡೆದ ಪರೀಕ್ಷೆಯಲ್ಲಿ 40 ಗಜ ಓಡಲು ಆತನು ತೆಗೆದುಕೊಂಡ ಕಾಲ 4.72 ಸೆಕೆಂಡು, ಎರಡನೆಯ ಯತ್ನದಲ್ಲಿ 4.82. ರನ್ನಿಂಗ್ ಬ್ಯಾಕ್‌ಗೆ ಇದು ನಿಧಾನವಾದ ಓಟ. ಆದರೂ ಡೆನ್ವರ್ ಬ್ರಾಂಕೋಸ್ ತಂಡವು 101ನೆಯ ಆಯ್ಕೆಯಾಗಿ ಆತನನ್ನು ತೆಗೆದುಕೊಂಡಿತು. ಖಚಿತವಾಗಿ ದೊರೆಯುತ್ತಿದ್ದ ಹಣವನ್ನು ಒಲ್ಲದೆ, ಮುಂದೆ ತೋರುವ ಪರಾಕ್ರಮಕ್ಕೆ ಪ್ರತಿಫಲ ಸಿಗುವಂಥ ಒಪ್ಪಂದಕ್ಕೆ ಆತನು ಸಹಿ ಮಾಡಿದನು. ಆ ಆಗಸ್ಟ್‌ನಲ್ಲಿಯೇ ತಂಡವು ಆತನನ್ನು ಕೈಬಿಟ್ಟಿತು. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಆತನು ಒಂದು ಪಂದ್ಯವನ್ನೂ ಆಡಲಿಲ್ಲ.

2006ರ ಹೊಸವರ್ಷದ ದಿನ ನಸುಕಿನಲ್ಲಿ ಕೊಲಂಬಸ್‌ನ ಓಣಿಯೊಂದರಲ್ಲಿ ಇಬ್ಬರಿಗೆ ಪಿಸ್ತೂಲು ತೋರಿಸಿ ದೋಚಿದ ಆಪಾದನೆ ಆತನ ಮೇಲೆ ಬಂದಿತು. ಸಿಕ್ಕಿದ್ದು ಒಂದು ಮೊಬೈಲ್ ದೂರವಾಣಿ. ಲಕ್ಷ ಜನರ ಜಯಘೋಷವನ್ನು ಕೇಳಿದ ಕಿವಿಗೆ ಈಗ ಕೇಳಿದ್ದು ನಡುಗುವ ಇಬ್ಬರು ಅಪರಿಚಿತರ ದನಿ. ವಿಚಾರಣೆ ಬಾಕಿಯಿರುವಾಗಲೇ, ಆಗಸ್ಟ್ 9ರ ರಾತ್ರಿ, ಪೊಲೀಸರು ಬೆನ್ನಟ್ಟಿ ಹಿಡಿದಾಗ ಆತನ ಮೈಮೇಲೆ ಗುಂಡುನಿರೋಧಕ ಕವಚವಿತ್ತು. ಕಾರಿನಲ್ಲಿ ಗುಂಡು ತುಂಬಿದ ನಾಲ್ಕು ಆಯುಧಗಳೂ ಮದ್ಯದ ಸೀಸೆಯೂ ಇದ್ದವು. ಆತನ ಮಗಳು ಹುಟ್ಟಿ ಆಗ ಕೆಲವು ವಾರಗಳು ಮಾತ್ರ ಆಗಿದ್ದವು. ಸೆಪ್ಟೆಂಬರ್‌ನಲ್ಲಿ ತಪ್ಪೊಪ್ಪಿಕೊಂಡ ಕ್ಲಾರೆಟ್‌ಗೆ ಏಳೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು; ಮೂರೂವರೆ ವರ್ಷಗಳ ಬಳಿಕ ಬಿಡುಗಡೆಗೆ ಪ್ರಾರ್ಥಿಸಬಹುದೆಂಬ ಅವಕಾಶವೂ ಅದರಲ್ಲಿತ್ತು.

ಸೆರೆಮನೆಯಲ್ಲಿ ವ್ಯುತ್ಪತ್ತಿ

ಟೊಲಿಡೊ ನಗರದ ಸೆರೆಮನೆಯಲ್ಲಿ ಕ್ಲಾರೆಟ್‌ಗೆ ಪ್ರೇಕ್ಷಕರಿರಲಿಲ್ಲ. ಹದಿಹರೆಯದಿಂದಲೂ ಪ್ರತಿಯೊಂದು ಹೆಜ್ಜೆಯನ್ನು ಯಾರಾದರೂ ಅಳೆಯುತ್ತಿದ್ದ ಬಾಳಿನಲ್ಲಿ ಅದು ಮೊದಲ ಏಕಾಂತ. ಆ ಏಕಾಂತದಲ್ಲಿ ಆತನು ಪುಸ್ತಕವನ್ನು ಹಿಡಿದನು. ಜೀವನಚರಿತ್ರೆ, ವಾಣಿಜ್ಯ, ಮನೋವಿಜ್ಞಾನಗಳನ್ನು ಓದಿದನು. ದೂರಶಿಕ್ಷಣದ ಮೂಲಕ ಪಾಠಗಳನ್ನು ಕಲಿತನು. ಮನಸ್ಸಿನಲ್ಲಿ ಮೂಡಿದುದನ್ನು ದೂರವಾಣಿಯ ಮೂಲಕ ಹೊರಗಿನ ಆಪ್ತರಿಗೆ ಹೇಳಿ ಬರೆಯಿಸತೊಡಗಿದನು. ಆ ಬರಹಗಳಲ್ಲಿ ಆಟದ ವೈಭವದ ಸ್ಮರಣೆಗಿಂತ ತಾನು ಏಕೆ ಹೀಗಾದೆನೆಂಬ ವಿಚಾರವೇ ಹೆಚ್ಚು.

ಇಲ್ಲಿ ಒಂದು ವಿಪರ್ಯಾಸವನ್ನು ವಿದ್ಯಾಸಂಸ್ಥೆಗಳಿಗೆ ಸಂಬಂಧಪಟ್ಟವರು ಗಮನಿಸಲೇಬೇಕು. ವಿಶ್ವವಿದ್ಯಾನಿಲಯದಲ್ಲಿದ್ದಾಗ ಗಾಲ್ಫ್, ಮೀನು ಹಿಡಿಯುವುದು, ಸಾಫ್ಟ್‌ಬಾಲ್ ಮುಂತಾದ ಹಗುರವಾದ ವಿಷಯಗಳ ತರಗತಿಗಳನ್ನು ತಾನು ತೆಗೆದುಕೊಂಡಿದ್ದೆನೆಂದು ಕ್ಲಾರೆಟ್ ಮುಂದೆ ತಾನೇ ಹೇಳಿದನು. ದೊಡ್ಡ ಗ್ರಂಥಾಲಯಗಳಿದ್ದ ವಿದ್ಯಾನಗರದಲ್ಲಿ ತೆರೆಯದ ಪುಸ್ತಕವನ್ನು ಆತನು ಸೆರೆಮನೆಯ ಕೋಣೆಯಲ್ಲಿ ತೆರೆದನು. ವಿದ್ಯಾಲಯವು ಕೊಡಬೇಕಾಗಿದ್ದ ವ್ಯುತ್ಪತ್ತಿಯನ್ನು ಸೆರೆಮನೆಯು ಕೊಟ್ಟಿತು. ಇದು ಸೆರೆಮನೆಗೆ ಸಲ್ಲುವ ಹೊಗಳಿಕೆಯಲ್ಲ. ಅಲ್ಲಿ ಹೋದವರೆಲ್ಲ ಹೀಗೆ ತಿದ್ದಿಕೊಂಡು ಬರುವುದೂ ಇಲ್ಲ. ಇದು ವಿದ್ಯಾಲಯದ ಮೇಲೆ ಉಳಿದ ಋಣ.

ಮರಳಿ ಬಂದ ಬಳಿಕ

2010ರ ಏಪ್ರಿಲ್‌ನಲ್ಲಿ ಸೆರೆಮನೆಯಿಂದ ಹೊರಬಂದಾಗ ಆತನಿಗೆ ಇಪ್ಪತ್ತಾರು ವರ್ಷ. ಮೊದಲು ಆತನು ಮರಳಿದ್ದು ತರಗತಿಗೆ. ಅದೇ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಓದನ್ನು ಮುಂದುವರಿಸಲು ಹೆಸರು ನೋಂದಾಯಿಸಿದನು. ನ್ಯಾಯಾಲಯದ ಅನುಮತಿ ಪಡೆದು ಒಮಾಹ ನೈಟ್‌ಹಾಕ್ಸ್ ಎಂಬ ಚಿಕ್ಕ ವೃತ್ತಿಪರ ತಂಡದಲ್ಲಿ ಆಡಿದನು. ಅಲ್ಲಿ ಹಿಂದಿನ ವೇಗವಿರಲಿಲ್ಲ, ಹಿಂದಿನ ಜಯಘೋಷವೂ ಇರಲಿಲ್ಲ. ಕಳೆದುಹೋದ ಆಟವು ಮರಳಿ ಬರಲಿಲ್ಲವೆಂಬುದನ್ನು ಮುಚ್ಚಿಡದೆ ಹೇಳಬೇಕು. ಪುನರುತ್ಥಾನವೆಂದರೆ ಹೋದುದೆಲ್ಲ ಮತ್ತೆ ಕೈಸೇರುವುದು ಎಂದು ಭಾವಿಸುವವರಿಗೆ ಈ ಕಥೆಯು ನಿರಾಶೆಯನ್ನೇ ತರುವುದು.

ಆದರೆ ಆತನು ಬೇರೊಂದು ದಾರಿಯಲ್ಲಿ ಮುಂದೆ ಸಾಗಿದನು. 2013ರ ಡಿಸೆಂಬರ್‌ನಲ್ಲಿ ಆತನ ಮತ್ತು ಟ್ರೆಸೆಲ್ ಅವರ ಬದುಕನ್ನು ಕುರಿತು ಯಂಗ್ಸ್‌ಟೌನ್ ಬಾಯ್ಸ್ ಎಂಬ ಸಾಕ್ಷ್ಯಚಿತ್ರವು ದೂರದರ್ಶನದಲ್ಲಿ ಪ್ರಸಾರವಾಯಿತು. ಬಳಿಕ ಅಲಬಾಮಾ, ನಾಟರ್ ಡೇಮ್ ಮೊದಲಾದ ವಿಶ್ವವಿದ್ಯಾನಿಲಯಗಳ ಆಟಗಾರರ ಮುಂದೆ ನಿಂತು ಆತನು ತನ್ನ ತಪ್ಪುಗಳನ್ನು ತಾನೇ ವಿವರಿಸಿದನು. ಮದ್ಯದ ಹಾಗೂ ಮನೋವ್ಯಥೆಯ ವಿಷಯವನ್ನು ನಾಚದೆ ಆಡಿದನು. ಬಲಿಷ್ಠನಾದವನು ನೊಂದೆನೆಂದು ಹೇಳಬಾರದೆಂಬ ಸುಳ್ಳು ಮರ್ಯಾದೆಯನ್ನು ಮುರಿದುದೇ ಆ ಭಾಷಣಗಳ ಮುಖ್ಯ ಉಪಕಾರ.

2016ರಲ್ಲಿ ಯಂಗ್ಸ್‌ಟೌನ್‌ನಲ್ಲಿ ರೆಡ್ ಝೋನ್ ಎಂಬ ಸಂಸ್ಥೆಯನ್ನು ಆತನು ಸ್ಥಾಪಿಸಿದನು. ಮಾನಸಿಕ ಅಸ್ವಾಸ್ಥ್ಯದಿಂದ ಬಳಲುವವರಿಗೂ ಮದ್ಯ ಮಾದಕದ್ರವ್ಯಗಳ ವಶರಾದವರಿಗೂ ಚಿಕಿತ್ಸೆ ಮತ್ತು ಸಲಹೆ ನೀಡುವುದು, ಸಂಕಷ್ಟದಲ್ಲಿರುವ ಮಕ್ಕಳಿಗೆ ಬೆಂಬಲವಾಗುವುದು ಅದರ ಉದ್ದೇಶ. ಈ ಹೆಸರೂ ಸಾರ್ಥಕ. ಗಡಿರೇಖೆಗೆ ಮುಂಚಿನ ಕೊನೆಯ 20 ಗಜಗಳ ಕಣವನ್ನು ಆ ಆಟದಲ್ಲಿ ರೆಡ್ ಝೋನ್ ಎನ್ನುತ್ತಾರೆ. ಗುರಿ ಸಮೀಪಿಸಿದಷ್ಟೂ ಎದುರಾಳಿಗಳ ತಡೆ ಬಲವಾಗುವ ಎಡೆಯದು. ತಾನು ಯಾವ ಕೇರಿಗಳಿಂದ ಪಾರಾಗಲು ಓಡಿದನೋ ಅದೇ ಕೇರಿಗಳಿಗೆ ಆತನು ನೆರವನ್ನು ಹೊತ್ತು ಮರಳಿದನು.

ಆತನ ಗುರುವಿನ ಬಾಳಿನಲ್ಲಿಯೂ ಪರೀಕ್ಷೆಯ ಕಾಲ ಬಂದಿತು. ಕೆಲವು ಆಟಗಾರರ ನಿಯಮೋಲ್ಲಂಘನೆಯ ವಿಷಯ ತಿಳಿದಿದ್ದರೂ ಮೇಲಿನವರಿಗೆ ತಿಳಿಸಲಿಲ್ಲವೆಂಬ ಕಾರಣದಿಂದ ಟ್ರೆಸೆಲ್ ಅವರು 2011ರಲ್ಲಿ ಹುದ್ದೆಯನ್ನು ತ್ಯಜಿಸಬೇಕಾಯಿತು. ಮುಂದೆ ಅವರು 2014ರಿಂದ 2023ರವರೆಗೆ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದರು. ಗುರುಶಿಷ್ಯರಿಬ್ಬರೂ ಎಡವಿದವರೇ, ಎಡವಿದ ಬಳಿಕ ಇಬ್ಬರೂ ಒಂದೇ ಊರಿನ ಸೇವೆಗೆ ನಿಂತವರೇ.

ಹೊಣೆಯ ವಿಚಾರ

ಈ ಪ್ರತಿಭೆಯು ವ್ಯರ್ಥವಾದುದಕ್ಕೆ ಹೊಣೆ ಯಾರು? ಮೊದಲನೆಯ ಹೊಣೆ ಕ್ಲಾರೆಟ್‌ನದೇ. ಸುಳ್ಳು ಹೇಳಿದವನು ಅವನು, ಕುಡಿದವನು ಅವನು, ಪಿಸ್ತೂಲನ್ನು ಎತ್ತಿದವನು ಅವನು. ಬಡತನದಲ್ಲಿ ಹುಟ್ಟಿದವರೆಲ್ಲ ದೋಚುವುದಿಲ್ಲ. ಆ ಓಣಿಯಲ್ಲಿ ಜೀವಭಯದಿಂದ ನಿಂತ ಇಬ್ಬರನ್ನು ಮರೆತು ಆತನ ಉದ್ಧಾರವನ್ನು ಮಾತ್ರ ಹಾಡಿದರೆ ಅದು ನ್ಯಾಯವೆನಿಸದು.

ಎರಡನೆಯ ಹೊಣೆ ವ್ಯವಸ್ಥೆಯದು. ವಿದ್ಯಾರ್ಥಿಗಳ ಆಟದಿಂದ ಕೋಟಿಗಟ್ಟಲೆ ಹಣ ಗಳಿಸುತ್ತ, ಅದೇ ವಿದ್ಯಾರ್ಥಿಯು ಒಂದು ಕಾರನ್ನು ಎರವಲು ಪಡೆದರೆ ಅಪರಾಧವೆನ್ನುವ ವಿಧಾನದಲ್ಲಿ ಲೋಪವಿತ್ತೆಂಬುದನ್ನು ಕಾಲವೇ ಒಪ್ಪಿಕೊಂಡಿತು. 2021ರ ಜುಲೈ 1ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಬಳಕೆಗೆ ಹಣ ಪಡೆಯುವುದಕ್ಕೆ ಅವಕಾಶ ದೊರೆಯಿತು. 2025ರಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಹಣ ಕೊಡಬಹುದೆಂದಾಯಿತು. ಆದರೆ ಹಣ ಬಂದ ಮಾತ್ರಕ್ಕೆ ಪತನ ನಿಲ್ಲುವುದೆಂದು ತಿಳಿಯಬಾರದು. ಹತ್ತೊಂಬತ್ತರ ಹುಡುಗನ ಕೈಗೆ ವ್ಯುತ್ಪತ್ತಿಯಿಲ್ಲದೆ ಹಣವನ್ನಿತ್ತರೆ ಇಳಿಜಾರು ಇನ್ನೂ ಕಡಿದಾಗಬಹುದು.

ಮೂರನೆಯ ಹೊಣೆ ಚಪ್ಪಾಳೆ ತಟ್ಟಿದವರದು. ಗೆದ್ದಾಗ ನಮ್ಮವನೆಂದವರು ಸೋತಾಗ ಯಾರೋ ಎಂದರು. ಅವರು ಪ್ರೀತಿಸಿದ್ದು ಆತನ ಕಾಲುಗಳನ್ನು, ಆತನನ್ನಲ್ಲ. ಈ ಹೊಣೆಗೆ ನ್ಯಾಯಾಲಯದಲ್ಲಿ ಶಿಕ್ಷೆಯಿಲ್ಲ. ಆದುದರಿಂದಲೇ ಇದು ಬಹಳ ಸುಲಭವಾಗಿ ಮರೆತುಹೋಗುವ ಹೊಣೆ.

ಪಶ್ಚಾತ್ತಾಪ ಮತ್ತು ಪ್ರಾಯಶ್ಚಿತ್ತ

ಈ ಎರಡು ಪದಗಳನ್ನು ಲೋಕವು ಒಂದೇ ಅರ್ಥದಲ್ಲಿ ಬಳಸುವುದುಂಟು. ಪದಗಳ ಒಳಹೊಕ್ಕು ನೋಡಿದರೆ ಭೇದ ತಿಳಿಯುವುದು. ಪಶ್ಚಾತ್ ಎಂದರೆ ಅನಂತರ, ತಾಪವೆಂದರೆ ಬೇಗೆ. ತಪ್ಪು ನಡೆದ ಮೇಲೆ ಒಳಗೆ ಹೊತ್ತಿಕೊಳ್ಳುವ ಬೇಗೆಯೇ ಪಶ್ಚಾತ್ತಾಪ. ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ ಎಂದು ಶಾಸ್ತ್ರಕಾರರು ಬಿಡಿಸಿ ಹೇಳುವರು. ನಿಶ್ಚಯದಿಂದ ಕೈಗೊಂಡ ತಪಸ್ಸೇ ಪ್ರಾಯಶ್ಚಿತ್ತ. ಮೊದಲನೆಯದು ತಾನಾಗಿ ಬರುವುದು, ಎರಡನೆಯದನ್ನು ದಿನದಿನವೂ ಮಾಡಬೇಕು. ಬೇಗೆಯು ಕಣ್ಣೀರಿನಲ್ಲಿ ಆರಿಹೋಗಬಹುದು. ತಪಸ್ಸು ಕೆಲಸವಾಗಿ ಉಳಿಯುವುದು. ಕ್ಲಾರೆಟ್‌ಗೆ ಸೆರೆಮನೆಯಲ್ಲಿ ಪಶ್ಚಾತ್ತಾಪವುಂಟಾಯಿತು. ಆದರೆ ಆತನ ಪುನರುತ್ಥಾನವನ್ನು ಅಳೆಯಬೇಕಾದುದು ಬಿಡುಗಡೆಯ ದಿನದಿಂದ ಮುಂದೆ ನಡೆಸಿದ ದುಡಿಮೆಯಿಂದ.

ಹನ್ನೆರಡನೆಯ ಶತಮಾನದ ಶರಣರು ಈ ತತ್ತ್ವವನ್ನೇ ಕಾಯಕ, ದಾಸೋಹಗಳೆಂಬ ಎರಡು ಮಾತುಗಳಲ್ಲಿ ನೆಲೆಗೊಳಿಸಿದರು. ಹುಟ್ಟು, ಹಿಂದಿನ ನಡೆ ಏನೇ ಇರಲಿ, ಸತ್ಯಶುದ್ಧವಾದ ಕಾಯಕದಿಂದ ಮನುಷ್ಯನು ಮೇಲೇರಬಲ್ಲನೆಂಬುದೂ, ಕಾಯಕದ ಫಲವು ತನ್ನೊಬ್ಬನದಲ್ಲ, ಸಮಾಜಕ್ಕೆ ಸಲ್ಲಬೇಕಾದುದೆಂಬುದೂ ಅವರ ನಿಲುವು. ಅಮೆರಿಕಾದ ಆಟಗಾರನು ಈ ಮಾತುಗಳನ್ನು ಕೇಳಿದವನಲ್ಲ. ಆದರೆ ಸತ್ಯವಾದ ತತ್ತ್ವಕ್ಕೆ ದೇಶದ ಗಡಿಯಿಲ್ಲ. ತನ್ನ ಪ್ರತಿಭೆಯು ತನ್ನ ಭೋಗಕ್ಕೆಂದು ಬಗೆದಾಗ ಬಿದ್ದವನು, ತನ್ನ ಅನುಭವವು ಇತರರಿಗೆ ಸಲ್ಲಬೇಕೆಂದು ಬಗೆದಾಗ ಎದ್ದನು. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳ ಸಾಲಿಗೆ ದಾಸೋಹವೆಂಬ ನಾಲ್ಕನೆಯದನ್ನು ಸೇರಿಸಿದ ಹೊರತು ಬಾಳೆಂಬ ಕಾವ್ಯವು ಪೂರ್ಣವಾಗದೆಂದು ಇದರಿಂದ ತಿಳಿಯಬಹುದು.

ವಿದ್ಯಾಲಯಗಳಿಗೆ ಪಾಠ

ಈ ವೃತ್ತಾಂತದಿಂದ ಅಧ್ಯಾಪಕರೂ ಪೋಷಕರೂ ದಾನಿಗಳೂ ಗ್ರಹಿಸಬಹುದಾದ ಅಂಶಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

1. ಪ್ರತಿಭಾವಂತನಾದ ವಿದ್ಯಾರ್ಥಿಗೆ ಪಾಠದಲ್ಲಿ ರಿಯಾಯಿತಿ ತೋರುವುದು ಉಪಕಾರವಲ್ಲ. ಓಟದಲ್ಲಿ ಮೊದಲಿಗನಾದವನಿಗೆ ಲೆಕ್ಕದಲ್ಲಿ ವಿನಾಯಿತಿ ಕೊಟ್ಟ ಗುರುವು ಅವನ ಮುಂದಿನ ದಾರಿಯಿಂದ ಒಂದು ದೀಪವನ್ನು ತೆಗೆದಂತೆಯೇ ಸರಿ. ಓಡುವ ಕಾಲು ಕೆಲವು ವರ್ಷಗಳದು. ಓದಿದ ತಲೆ ಬಾಳಿನುದ್ದಕ್ಕೂ ಬರುವುದು.

2. ಕಪ್ಪು, ಫಲಕ, ಪದಕಗಳ ಎಣಿಕೆಯಿಂದ ಸಂಸ್ಥೆಯ ಯೋಗ್ಯತೆಯನ್ನು ನಿರ್ಣಯಿಸಬಾರದು. ಅವುಗಳನ್ನು ಗೆದ್ದು ತಂದ ಮಕ್ಕಳು ಹತ್ತು ವರ್ಷಗಳ ಬಳಿಕ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಬಲ್ಲ ಸಂಸ್ಥೆಯೇ ಯೋಗ್ಯ ಸಂಸ್ಥೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ಗೆದ್ದವರನ್ನು ಸನ್ಮಾನಿಸುವಂತೆಯೇ ಸೋತು ದೂರ ಸರಿದವರನ್ನೂ ಹುಡುಕಿಕೊಂಡು ಹೋಗಬೇಕು.

3. ಮಗುವಿನ ದುಃಖವನ್ನು ಕೇಳುವ ಕಿವಿಯೊಂದು ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕು. ಮನೆಯಲ್ಲಿ ಸಾವಾದಾಗ, ಗೆಳೆಯನು ಅಗಲಿದಾಗ ಆ ಮಗುವಿನ ಬಳಿ ಕುಳಿತುಕೊಳ್ಳುವವರು ಯಾರೆಂಬುದು ವೇಳಾಪಟ್ಟಿಯಷ್ಟೇ ನಿಶ್ಚಿತವಾಗಿರಬೇಕು. ಮನೋವ್ಯಥೆಗೆ ವೈದ್ಯರ ನೆರವು ಬೇಕಾದರೆ ಅದನ್ನು ಪಡೆಯುವುದು ಅವಮಾನವಲ್ಲವೆಂದು ಮಕ್ಕಳಿಗೂ ತಂದೆತಾಯಿಗಳಿಗೂ ತಿಳಿಯಪಡಿಸಬೇಕು.

4. ದಾನಿಗಳ ಧನವು ಗೆಲ್ಲುವ ಕುದುರೆಗೆ ಹಾಕಿದ ಪಣವಾಗಬಾರದು. ಅನ್ನ, ವಸತಿ, ಪುಸ್ತಕಗಳಿಗೆಂದು ಸಲ್ಲುವ ಒಂದೊಂದು ರೂಪಾಯಿಯೂ, ಮುಂದೆ ಹೆಸರು ಮಾಡುವನೋ ಇಲ್ಲವೋ ತಿಳಿಯದ ಸಾಮಾನ್ಯ ಬಾಲಕನಿಗೂ ತಲುಪಿದಾಗಲೇ ಅದು ದಾಸೋಹವೆನಿಸುವುದು.

5. ಬಿದ್ದವನಿಗೆ ಬಾಗಿಲು ಮುಚ್ಚಬಾರದು. ತಪ್ಪಿಗೆ ತಕ್ಕ ಶಿಕ್ಷೆಯಾಗಲಿ. ಆದರೆ ಶಿಕ್ಷೆ ಮುಗಿದವನಿಗೆ ಶಿಕ್ಷಣವು ಕಾದಿರಲಿ. ಹೊರಗಿಟ್ಟ ವಿಶ್ವವಿದ್ಯಾನಿಲಯವೇ ಏಳು ವರ್ಷಗಳ ಬಳಿಕ ಕ್ಲಾರೆಟ್‌ನನ್ನು ಮತ್ತೆ ವಿದ್ಯಾರ್ಥಿಯಾಗಿ ಸೇರಿಸಿಕೊಂಡದ್ದು, ಅದು ಗೆದ್ದ ಪ್ರಶಸ್ತಿಗಿಂತ ಕಡಿಮೆಯ ಗೌರವವೇನಲ್ಲ.

ಟೆಂಪಿಯ ಕಣದಲ್ಲಿ ಎದುರಾಳಿಯ ತೋಳಿನಿಂದ ಚೆಂಡನ್ನು ಕಿತ್ತುಕೊಂಡ ಕ್ಷಣವನ್ನು ಓಹಿಯೋದ ಜನರು ಬಹುಕಾಲ ನೆನೆಯುವರು. ಆ ಕ್ಷಣಕ್ಕೆ ಬೇಕಾದುದು ಪ್ರತಿಭೆ. ಯಂಗ್ಸ್‌ಟೌನ್‌ನ ಪಾಳುಬಿದ್ದ ಕೇರಿಯಲ್ಲಿ, ನೋಡುವವರಿಲ್ಲದೆಡೆ, ಅಮಲಿಗೆ ಸಿಕ್ಕಿದ ಒಬ್ಬನ ಕೈಹಿಡಿದು ಕೂರಿಸಿ ಮಾತನಾಡಿಸುವುದಕ್ಕೆ ಬೇಕಾದುದು ಶೀಲ. ಮೊದಲನೆಯದನ್ನು ಶಾಲೆಯು ಸೃಷ್ಟಿಸಲಾರದು; ಅದು ಬಂದರೆ ಬರುವುದು, ಇಲ್ಲವಾದರೆ ಇಲ್ಲ. ಎರಡನೆಯದನ್ನು ಬೆಳೆಸುವುದು ಶಾಲೆಯ ಕೈಯಲ್ಲಿದೆ, ಗುರುವಿನ ಕೈಯಲ್ಲಿದೆ. ಆ ಕೃಷಿಗೆ ಫಲವು ತಡವಾಗಿ ಬರಬಹುದು, ಬೇರೆಲ್ಲಿಯೋ ಬರಬಹುದು. ಬಿತ್ತುವ ಕಾಯಕವು ಮಾತ್ರ ನಿಲ್ಲದಿರಲಿ.